ಮುಚ್ಚಿದ ಪೆಟ್ಟಿಗೆಯ ಗೊಂಬೆಗಳು

ವಾಚಕ ತಾಯಿಯೊಬ್ಬರು ನಮಗೆ ಪತ್ರ ಬರೆದು ಒಂದು ಸಂದೇಹವನ್ನು ಮುಂದಿಟ್ಟಿದ್ದಾರೆ. ಅವರ ಮಗ ಮತ್ತು ಸೊಸೆ ಅಮೇರಿಕೆಯಲ್ಲಿ ನೆಲೆಸಿರುವರು. ನಲವತ್ತರ ಸಮೀಪದ ಸೊಸೆ ಒಳ್ಳೆಯ ಉದ್ಯೋಗದಲ್ಲಿದ್ದು ಮನೆ ಮಕ್ಕಳನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾರಂತೆ. ಆದರೆ ಮನೆಯ ಒಂದು ಕೋಣೆಯ ತುಂಬ ಗೊಂಬೆಗಳು. ಮಕ್ಕಳ ಆಟಕ್ಕೆಂದು ತಂದವಲ್ಲ, ಮಕ್ಕಳು ಅವನ್ನು ಮುಟ್ಟುವಂತೆಯೂ ಇಲ್ಲ. ಕೆಲವು ಗಾಜಿನ ಕಪಾಟಿನಲ್ಲಿ ನಿಂತಿವೆ, ಹಲವು ರಟ್ಟಿನ ಪೆಟ್ಟಿಗೆಯಿಂದ ಈವರೆಗೆ ಹೊರಬಂದೇ ಇಲ್ಲ. "ಗುರುಗಳೇ, ಇಷ್ಟು ಓದಿದವಳಿಗೆ ಇದೇನು ಹುಡುಗಾಟಿಕೆ? ನಗಬೇಕೋ ಚಿಂತಿಸಬೇಕೋ ತಿಳಿಯದಾಗಿದೆ" ಎಂದು ಆ ತಾಯಿ ಕೇಳಿದ್ದಾರೆ. ಪರದೇಶದ ಮಕ್ಕಳ ಮನೆಗೆ ಹೋಗಿಬಂದ ಬೇರೆ ಕೆಲವು ಹಿರಿಯರೂ ಇದೇ ಮಾತನ್ನು ತುಸು ಸಂಕೋಚದಿಂದ ನಮ್ಮೆದುರು ಆಡಿದ್ದುಂಟು. ಆದ್ದರಿಂದ ಪತ್ರಕ್ಕೆ ಪ್ರತ್ಯೇಕ ಉತ್ತರ ಬರೆಯದೆ ಈ ಅಂಕಣದಲ್ಲಿಯೇ ವಿಷಯವನ್ನು ವಿಚಾರಿಸಲು ಬಯಸಿದ್ದೇವೆ. ನಗುವುದಕ್ಕಾಗಲಿ ಚಿಂತಿಸುವುದಕ್ಕಾಗಲಿ ಮೊದಲು ಆ ವಸ್ತು ಯಾವುದು, ಅದು ಹೇಗೆ ಹುಟ್ಟಿತು ಎಂಬುದನ್ನು ಅರಿಯುವುದು ಲೇಸು.

ಗೊಂಬೆಯೆಂದೊಡನೆ ಮಗುವಿನ ಆಟಿಕೆಯೆಂದು ಭಾವಿಸುವುದು ಸಹಜ. ಆದರೆ ‘ಫ್ಯಾಷನ್ ಡಾಲ್’ ಎಂದು ಕರೆಯಲ್ಪಡುವ ಈ ಗೊಂಬೆಯ ವಂಶಾವಳಿಯನ್ನು ಹಿಡಿದು ಹೋದರೆ, ಮಕ್ಕಳ ಕೈಗೆ ಬರುವ ಮೊದಲು ಅದು ದೊಡ್ಡವರ ಸೊತ್ತಾಗಿತ್ತೆಂಬುದು ಕಾಣುತ್ತದೆ. ಇದರ ಆಕಾರ ತೊಟ್ಟಿಲ ಕೂಸಿನದಲ್ಲ, ಪ್ರಾಯಕ್ಕೆ ಬಂದ ಹೆಣ್ಣಿನದು. ಉಡುಪೇ ಇದರ ಜೀವಾಳ. ಚಿತ್ರಸಹಿತವಾದ ಪತ್ರಿಕೆಗಳು ಬಳಕೆಗೆ ಬರುವ ಮುನ್ನ ಯುರೋಪಿನ ಅರಮನೆಯಿಂದ ಅರಮನೆಗೆ ಹೊಸ ಮಾದರಿಯ ಉಡುಪು ತೊಟ್ಟ ಗೊಂಬೆಗಳು ಪ್ರಯಾಣ ಮಾಡುತ್ತಿದ್ದವು. ಪ್ಯಾರಿಸಿನಿಂದ ಹೊರಡುತ್ತಿದ್ದ ಅಂತಹ ಗೊಂಬೆಗಳಿಗೆ ‘ಪಂಡೋರಾ’ ಎಂಬ ಹೆಸರು ಬಂದಿತು. ದೂರದ ಊರಿನ ದರ್ಜಿಗಳು ಅವನ್ನು ಕಣ್ಣಾರೆ ಕಂಡು, ಬಟ್ಟೆಯನ್ನು ಹೇಗೆ ಕತ್ತರಿಸಿದ್ದಾರೆ, ಎಲ್ಲಿ ನೆರಿಗೆ ಹಿಡಿದಿದ್ದಾರೆ ಎಂದು ಕಲಿತುಕೊಳ್ಳುತ್ತಿದ್ದರು.

ಈ ಪರಂಪರೆಯಲ್ಲಿ ನಮಗೆ ಬಹಳ ಹಿಡಿಸಿದ ಪ್ರಸಂಗವೊಂದಿದೆ. ಎರಡನೆಯ ಮಹಾಯುದ್ಧ ಇನ್ನೂ ಮುಗಿಯದಿದ್ದ 1945ರ ಮಾರ್ಚ್ ತಿಂಗಳಲ್ಲಿ ಪ್ಯಾರಿಸಿನ ಲೂವ್ರ್ ಅರಮನೆಯ ಅಲಂಕಾರ ಕಲೆಗಳ ಮ್ಯೂಸಿಯಮ್ಮಿನಲ್ಲಿ ‘ತೆಯಾತ್ರ್ ದ ಲಾ ಮೋದ್’ ಎಂಬ ಪ್ರದರ್ಶನ ನಡೆಯಿತು. ಆಗ ಅಲ್ಲಿ ಬಟ್ಟೆಗೆ ಬರ, ಅನ್ನಕ್ಕೆ ಬರ, ಚಳಿಗೆ ಉರುವಲಿಲ್ಲ. ಆಳೆತ್ತರದ ಉಡುಪುಗಳನ್ನು ಹೊಲಿದು ತೋರಿಸುವಷ್ಟು ಬಟ್ಟೆ ಯಾರಲ್ಲಿಯೂ ಇರಲಿಲ್ಲ. ಆದ್ದರಿಂದ ಅಲ್ಲಿಯ ಹೆಸರಾಂತ ಹೊಲಿಗೆಯ ಮನೆತನಗಳು ತಂತಿಯಿಂದ ಮಾಡಿದ, ಸುಮಾರು 70 ಸೆಂಟಿಮೀಟರು ಎತ್ತರದ ಇನ್ನೂರಕ್ಕೂ ಹೆಚ್ಚು ಗೊಂಬೆಗಳಿಗೆ ಉಡುಪು ಹೊಲಿದವು. ಗುಂಡಿಗಳು ನಿಜವಾಗಿ ತೆರೆದುಕೊಳ್ಳುವಂತಹವು. ಟೋಪಿ, ಪಾದರಕ್ಷೆ, ಕೈಚೀಲಗಳೆಲ್ಲ ಅಳತೆಗೆ ತಕ್ಕಂತಹವು. ಯುದ್ಧಪೀಡಿತರ ನೆರವಿಗೆಂದು ಹಣ ಕೂಡಿತು. 1946ರಲ್ಲಿ ಆ ಗೊಂಬೆಗಳು ಅಮೇರಿಕೆಗೆ ಹೋದವು, ಅಲ್ಲಿಯೇ ಉಳಿದವು. ಇಂದು ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ಮ್ಯೂಸಿಯಮ್ಮಿನಲ್ಲಿವೆ. ಒಂದು ನಗರದ ಕಸುಬು ಸಾಯದೆ ಉಳಿದಿದೆ ಎಂದು ಸಾರಲು ಗೊಂಬೆಯೇ ನೆರವಾಯಿತು. ಇದನ್ನು ಹುಡುಗಾಟಿಕೆಯೆಂದು ಯಾರು ತಾನೆ ಹೇಳಿಯಾರು?

ಮುಂದೆ ಜರ್ಮನಿಗೆ ಬರೋಣ. ಅಲ್ಲಿಯ ‘ಬಿಲ್ಡ್’ ಪತ್ರಿಕೆಯಲ್ಲಿ 1952ರಿಂದ ಲಿಲ್ಲಿ ಎಂಬ ಚುರುಕು ನಾಲಗೆಯ ತರುಣಿಯ ವ್ಯಂಗ್ಯಚಿತ್ರ ಬರುತ್ತಿತ್ತು. ಜನಪ್ರಿಯವಾದ ಆ ಪಾತ್ರವನ್ನು 1955ರಲ್ಲಿ ಗೊಂಬೆಯಾಗಿ ಮಾಡಿದರು. ಮಾರಾಟವಾದದ್ದು ದೊಡ್ಡವರಿಗೆ, ತಂಬಾಕಿನ ಅಂಗಡಿಗಳಲ್ಲಿ ಕೂಡ ಅದು ಸಿಗುತ್ತಿತ್ತು. ಗಂಡಸರು ತಮಾಷೆಗೆಂದು ಕೊಂಡು ಒಬ್ಬರಿಗೊಬ್ಬರು ಕೊಡುತ್ತಿದ್ದ ವಸ್ತು ಅದು. 1956ರಲ್ಲಿ ಯುರೋಪಿನ ಪ್ರವಾಸಕ್ಕೆ ಬಂದಿದ್ದ ರೂತ್ ಹ್ಯಾಂಡ್ಲರ್ ಎಂಬ ಅಮೇರಿಕದ ಮಹಿಳೆ ಈ ಲಿಲ್ಲಿಯನ್ನು ಸ್ವಿಟ್ಜರ್ಲೆಂಡಿನ ಅಂಗಡಿಯೊಂದರಲ್ಲಿ ಕಂಡರು. ಪತಿಯೊಡನೆ ‘ಮ್ಯಾಟೆಲ್’ ಎಂಬ ಆಟಿಕೆಯ ಸಂಸ್ಥೆಯನ್ನು ನಡೆಸುತ್ತಿದ್ದ ಅವರಿಗೆ, ತಮ್ಮ ಮಗಳು ಬಾರ್ಬರಾ ಕಾಗದದ ತರುಣಿಯರಿಗೆ ಕಾಗದದ ಉಡುಪು ತೊಡಿಸಿ ಆಡುತ್ತಿದ್ದುದು ನೆನಪಿತ್ತು. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆಗಳ ಮೇಳದಲ್ಲಿ ಅವರು ತಮ್ಮ ಗೊಂಬೆಯನ್ನು ಮುಂದಿಟ್ಟರು. ಹನ್ನೊಂದೂವರೆ ಅಂಗುಲದ ಎತ್ತರ, ಕಪ್ಪುಬಿಳುಪಿನ ಪಟ್ಟೆಯ ಈಜುಡುಪು, ಓರೆನೋಟ, ಬೆಲೆ 3 ಡಾಲರ್. ಹೆಸರು ಬಾರ್ಬಿ. ವ್ಯಾಪಾರಿಗಳಲ್ಲಿ ಅನೇಕರು ಮೂಗು ಮುರಿದರು, ಮಕ್ಕಳು ಮುರಿಯಲಿಲ್ಲ. ಮೊದಲ ವರ್ಷವೇ ಸುಮಾರು ಮೂರೂವರೆ ಲಕ್ಷ ಗೊಂಬೆಗಳು ಮಾರಾಟವಾದವೆಂದು ಹೇಳುತ್ತಾರೆ.

ಆ ಮೊದಲ ಗೊಂಬೆಗಳು ತಯಾರಾದದ್ದು ಜಪಾನಿನಲ್ಲಿ. ಉಡುಪುಗಳ ಹೊಣೆ ಹೊತ್ತಿದ್ದ ಷಾರ್ಲಟ್ ಜಾನ್ಸನ್ ಎಂಬುವರು ಟೋಕಿಯೋದಲ್ಲಿ ತಂಗಿದ್ದು ಒಂದೊಂದು ಹೊಲಿಗೆಯನ್ನೂ ನೋಡಿಕೊಂಡರು. ಒಳಬದಿಗೆ ಅಸ್ತರಿ, ಬೆರಳಿನ ಉಗುರಿನಷ್ಟು ಗುಂಡಿ, ಪುಟ್ಟ ಜಿಪ್ಪು; ಹೊಲಿದವರು ತಮ್ಮ ತಮ್ಮ ಮನೆಗಳಲ್ಲಿ ಕುಳಿತ ಜಪಾನಿ ಹೆಂಗಸರು. ಅವರಲ್ಲಿ ಒಬ್ಬರ ಹೆಸರೂ ಗೊಂಬೆಯ ಪೆಟ್ಟಿಗೆಯ ಮೇಲಿಲ್ಲ. ಇಂದು ಸಂಗ್ರಾಹಕರು ಭೂತಗನ್ನಡಿ ಹಿಡಿದು ಮೆಚ್ಚಿ ತಲೆದೂಗುವುದು ಅದೇ ಹೊಲಿಗೆಗೆ.

1959ರಲ್ಲಿ ಎಂಟು ಹತ್ತು ವಯಸ್ಸಿನವರಾಗಿದ್ದ ಹುಡುಗಿಯರು 1980ರ ದಶಕದಲ್ಲಿ ಮೂವತ್ತು ದಾಟಿ ಕೈಯಲ್ಲಿ ಸ್ವಂತ ಸಂಪಾದನೆಯುಳ್ಳವರಾದರು. ತಾಯಿ ಯಾವಾಗಲೋ ಕಸದೊಡನೆ ಹೊರಗೆ ಹಾಕಿದ ಗೊಂಬೆಯನ್ನು ಮತ್ತೆ ಹುಡುಕಿ ಕೊಳ್ಳತೊಡಗಿದರು. ವಯಸ್ಕರ ಈ ಹವ್ಯಾಸದ ಬೀಜ ಇಲ್ಲಿದೆ. ತಯಾರಕರು ಇದನ್ನು ಬಲುಬೇಗ ಕಂಡುಕೊಂಡರು. 1988ರಲ್ಲಿ ಮ್ಯಾಟೆಲ್ ಸಂಸ್ಥೆ ಕ್ರಿಸ್‌ಮಸ್ ಹಬ್ಬದ ಸಲುವಾಗಿ ಕೆಂಪು ನಿಲುವಂಗಿಯ ವಿಶೇಷ ಬಾರ್ಬಿಯನ್ನು ಹೊರತಂದಿತು. 1995ರಲ್ಲಿ ಮೆಲ್ ಓಡಮ್ ಎಂಬ ಚಿತ್ರಕಾರರು ರೂಪಿಸಿದ ‘ಜೀನ್ ಮಾರ್ಷಲ್’ ಬಂದಳು. ಹಳೆಯ ಹಾಲಿವುಡ್ಡಿನ ಕಲ್ಪಿತ ನಟಿ, ಹದಿನೈದೂವರೆ ಅಂಗುಲದ ಎತ್ತರ, ಮಕ್ಕಳಿಗಾಗಿ ಮಾಡಿದವಳೇ ಅಲ್ಲ. 1999ರಲ್ಲಿ ರಾಬರ್ಟ್ ಟಾನರ್ ಅವರ ‘ಟೈಲರ್ ವೆಂಟ್‌ವರ್ತ್’, 2000ದಲ್ಲಿ ಪಿಂಗಾಣಿಯಂತೆ ಕಾಣುವ ಗಟ್ಟಿ ವಿನೈಲಿನ ‘ಸಿಲ್ಕ್‌ಸ್ಟೋನ್’ ಬಾರ್ಬಿ. ಹೀಗೆ ದೊಡ್ಡವರಿಗಾಗಿಯೇ ಒಂದು ಮಾರುಕಟ್ಟೆ ಎದ್ದು ನಿಂತಿತು.

ದೊಡ್ಡವರು ಗೊಂಬೆ ಕೂಡಿಡುವುದು ನಮ್ಮ ನಾಡಿಗಾದರೂ ಹೊಸತೇ? ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಪಟ್ಟದ ಗೊಂಬೆಗಳು ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬಂದಿವೆ. ನವರಾತ್ರಿಗೆ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಹೊಸ ಬಟ್ಟೆ ಉಡಿಸಿ, ಹಂತಹಂತವಾಗಿ ಜೋಡಿಸಿ, ಮತ್ತೆ ಹಳೆಯ ಸೀರೆಯಲ್ಲಿ ಸುತ್ತಿ ಮೇಲಿಡುತ್ತಾರೆ. ಕೂಡಿಡುವ ಆಸೆಯೂ, ‘ನಮ್ಮಲ್ಲಿ ಇಷ್ಟಿವೆ’ ಎಂಬ ಸಣ್ಣ ಹೆಮ್ಮೆಯೂ ಅಲ್ಲಿ ಇಲ್ಲದಿಲ್ಲ. ವ್ಯತ್ಯಾಸವಿರುವುದು ಒಂದೇ ಕಡೆ: ಆ ಗೊಂಬೆಗಳು ವರ್ಷಕ್ಕೊಮ್ಮೆಯಾದರೂ ಕೈಗೆ ಬರುತ್ತವೆ.

ಈ ಹವ್ಯಾಸಿಗಳ ಲೋಕದಲ್ಲಿ ಎರಡು ಪಂಥಗಳಿವೆ. ಗೊಂಬೆಯನ್ನು ಪೆಟ್ಟಿಗೆಯಿಂದ ಎಂದಿಗೂ ತೆಗೆಯಬಾರದು ಎಂಬುದು ಒಂದು ಪಂಥ. ತೆಗೆದು, ನಿಲ್ಲಿಸಿ, ಉಡಿಸಿ ಬಿಚ್ಚಿ ನೋಡಬೇಕು ಎಂಬುದು ಇನ್ನೊಂದು. ಇದನ್ನು ಕೇಳಿ ನಗು ಬರಬಹುದು. ಆದರೆ ಇದರ ಹಿಂದೆ ಹಣವಿದೆ. ಬಿಚ್ಚದ ಪೆಟ್ಟಿಗೆಗೆ ಒಂದು ಬೆಲೆ, ಬಿಚ್ಚಿದೊಡನೆ ಅದಕ್ಕಿಂತ ತೀರ ಕಡಿಮೆ ಬೆಲೆ. 1959ರ ಮೊದಲ ಬಾರ್ಬಿ ಕೆಡದ ಸ್ಥಿತಿಯಲ್ಲಿ ಸಿಕ್ಕರೆ ಇಂದು ಹಲವು ಸಾವಿರ ಡಾಲರ್ ಕೊಡುವವರಿದ್ದಾರೆ. 2006ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ‘ಮಿಡ್‌ನೈಟ್ ರೆಡ್’ ಎಂಬ 1965ರ ಉಡುಪು ತೊಟ್ಟ ಬಾರ್ಬಿ 9,000 ಪೌಂಡಿಗೆ ಹೋಯಿತು. ಇಂತಹ ವಾರ್ತೆಗಳನ್ನು ಓದಿದವರಿಗೆ ತಮ್ಮ ಕಪಾಟು ಬ್ಯಾಂಕಿನ ತಿಜೋರಿಯಂತೆ ತೋರುವುದು ಆಶ್ಚರ್ಯವಲ್ಲ.

ಆದರೆ ಲೆಕ್ಕ ಅಷ್ಟು ಸರಳವಾಗಿಲ್ಲ. 1959ರ ಗೊಂಬೆಗೆ ಬೆಲೆ ಬಂದದ್ದು ಆ ಕಾಲದ ಮಕ್ಕಳು ಅದರೊಡನೆ ಆಡಿ, ಕೂದಲು ಕತ್ತರಿಸಿ, ತೋಟದಲ್ಲಿ ಮರೆತು, ಕಳೆದುಬಿಟ್ಟಿದ್ದರಿಂದ. ಯಾರೂ ಕಾಪಾಡದ ವಸ್ತು ವಿರಳವಾಯಿತು. 1988ರ ಹಬ್ಬದ ಬಾರ್ಬಿ ಅಂಗಡಿಗಳಲ್ಲಿ ಸಾಲದೆ ಹೋಗಿ ಕೆಲವೇ ವರ್ಷಗಳಲ್ಲಿ ಮೂಲ ಬೆಲೆಯ ಹಲವು ಪಟ್ಟಿಗೆ ಮಾರಾಟವಾಯಿತು. ಅದನ್ನು ಕಂಡ ಜನ ಮುಂದಿನ ವರ್ಷಗಳ ಹಬ್ಬದ ಗೊಂಬೆಗಳನ್ನು ಎರಡೆರಡು, ಹತ್ತುಹತ್ತು ಕೊಂಡು ಅಟ್ಟ ತುಂಬಿದರು. ಸಂಸ್ಥೆಯೂ ಬೇಡಿಕೆಗೆ ತಕ್ಕಂತೆ ತಯಾರಿಸಿತು. ಎಲ್ಲರೂ ಕಾಪಾಡಿದ ವಸ್ತುವಿಗೆ ಬೆಲೆ ಎಲ್ಲಿಂದ ಬಂದೀತು? 1990ರ ದಶಕದ ಆ ಪೆಟ್ಟಿಗೆಗಳು ಇಂದು ಅನೇಕ ವೇಳೆ ಕೊಂಡ ಹಣಕ್ಕೂ ಹೋಗುವುದಿಲ್ಲ. ಪೆಟ್ಟಿಗೆಯ ಮೇಲೆ ‘ಸಂಗ್ರಾಹಕರ ವಿಶೇಷ ಆವೃತ್ತಿ’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚು ಮಾಡಿರುವುದು ತಯಾರಕರ ಮಾತೇ ಹೊರತು ವಿರಳತೆಯ ಸಾಕ್ಷ್ಯವಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕೆ ಆದೀತೆಂದು ಗೊಂಬೆ ಕೊಂಡಿಟ್ಟವರು ಅಲ್ಲಿ ಕಡಿಮೆಯಿಲ್ಲ. ಅವರ ಬಗ್ಗೆ ನಮಗೆ ನಿಜವಾಗಿಯೂ ಕನಿಕರವಿದೆ.

ಪೆಟ್ಟಿಗೆಯ ಪಂಥದವರು ಎಣಿಸದ ಇನ್ನೊಂದು ಸಂಗತಿಯಿದೆ, ನಮ್ಮ ಮಟ್ಟಿಗೆ ಇದು ಹಣದ ಮಾತಿಗಿಂತ ದೊಡ್ಡದು. ಗೊಂಬೆಯ ಮೈ ವಿನೈಲ್ ಎಂಬ ಪ್ಲಾಸ್ಟಿಕ್ಕಿನದು. ಈ ಪ್ಲಾಸ್ಟಿಕ್ ಸ್ವಭಾವತಃ ಗಡುಸು. ಮೆತ್ತಗಾಗಲೆಂದು ಅದಕ್ಕೆ ‘ಪ್ಲಾಸ್ಟಿಸೈಸರ್’ ಎಂಬ ಎಣ್ಣೆಯಂತಹ ಪದಾರ್ಥವನ್ನು ಬೆರೆಸುತ್ತಾರೆ. ವರ್ಷಗಳು ಉರುಳಿದಂತೆ ಆ ಎಣ್ಣೆ ಒಳಗಿನಿಂದ ಮೆಲ್ಲಮೆಲ್ಲನೆ ಹೊರಕ್ಕೆ ಬರುತ್ತದೆ. ಗೊಂಬೆ ಬೆವರುತ್ತದೆ, ಕಾಲು ಅಂಟಂಟಾಗಿ ಧೂಳು ಹಿಡಿಯುತ್ತದೆ. ಬೇರೆ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿಗೆ ಆ ಮೈ ತಾಗಿಕೊಂಡಿದ್ದರೆ, ತಾಗಿದ ಜಾಗ ಕರಗಿ ಗುರುತು ಬೀಳುತ್ತದೆ. ಮೊದಲ ಕಾಲದ ಬಾರ್ಬಿಗಳ ಕಿವಿಯೋಲೆಯ ಲೋಹದಲ್ಲಿದ್ದ ತಾಮ್ರ ಇದೇ ಎಣ್ಣೆಯೊಡನೆ ಸೇರಿ ಹಸುರು ಕಿಲುಬಾಗಿ, ಕಿವಿಯಿಂದ ಕೆನ್ನೆಯವರೆಗೆ ಹರಡುತ್ತದೆ. ಸಂಗ್ರಾಹಕರು ಇದನ್ನು ‘ಹಸುರುಗಿವಿ’ ಎನ್ನುತ್ತಾರೆ. ಮೊಡವೆಗೆ ಹಚ್ಚುವ ಮುಲಾಮು ಹಚ್ಚಿ ಬಿಸಿಲಿಗಿಟ್ಟರೆ ಅದು ಮಾಸುವುದುಂಟು, ಆದರೆ ಆ ಮುಲಾಮು ವಿನೈಲಿನ ಬಣ್ಣವನ್ನೇ ತಿಂದು ಬಿಳಿಯ ಕಲೆ ಉಳಿಸುವುದೂ ಉಂಟು.

ಇನ್ನು ಪೆಟ್ಟಿಗೆಯೇ ಗೊಂಬೆಗೆ ಮಾಡುವ ಕೇಡನ್ನು ನೋಡಿರಿ. ಗೊಂಬೆಯನ್ನು ರಟ್ಟಿಗೆ ಬಿಗಿದ ರಬ್ಬರ್ ಪಟ್ಟಿ ಹಳತಾಗಿ ಕರಗಿ ಮಣಿಕಟ್ಟಿಗೆ, ಕೂದಲಿಗೆ ಮೆತ್ತಿಕೊಳ್ಳುತ್ತದೆ. ಗಾಢ ಬಣ್ಣದ ಉಡುಪಿನ ಬಣ್ಣ ಮೈಗೆ ಇಳಿಯುತ್ತದೆ. ಅಗ್ಗದ ರಟ್ಟಿನಲ್ಲಿರುವ ಆಮ್ಲ ಬಟ್ಟೆಯನ್ನು ಹಳದಿಗಟ್ಟಿಸುತ್ತದೆ. ಕೆಲವು ಗೊಂಬೆಗಳ ತಲೆಯೊಳಗೆ ಕೂದಲು ನಿಲ್ಲಲೆಂದು ಸುರಿದ ಅಂಟು ಹೊರಗೆ ಒಸರಿ ಜಡೆಯೆಲ್ಲ ಜಿಗುಟಾಗುತ್ತದೆ. ಪಾರದರ್ಶಕ ಮುಚ್ಚಳದ ಹಿಂದಿನಿಂದ ಎಲ್ಲ ಸರಿಯಾಗಿದೆಯೆಂದೇ ತೋರುತ್ತಿರುತ್ತದೆ. ಬೆನ್ನ ಕಡೆ ಏನಾಗಿದೆಯೆಂದು ನೋಡಿದವರಾರು?

ಓಲೆಗರಿಯ ಕಟ್ಟುಗಳ ನಡುವೆ ಬೆಳೆದ ನಮಗೆ ಇದು ಪರಿಚಿತವಾದ ಕಥೆ. ಪವಿತ್ರವೆಂದು ಬಟ್ಟೆಯಲ್ಲಿ ಬಿಗಿದು ಅಟ್ಟದ ಮೇಲಿಟ್ಟು ಎರಡು ತಲೆಮಾರು ಮುಟ್ಟದ ಕಟ್ಟುಗಳು ಹುಳು ತಿಂದು ಹುಡಿಯಾಗಿ ಸಿಕ್ಕಿವೆ. ಓದುವವರ ಕೈಗೆ ಆಗಾಗ ಬಂದು, ಗಾಳಿ ಕಂಡು, ವರ್ಷ ವರ್ಷ ಎಣ್ಣೆ ಸವರಿಸಿಕೊಂಡ ಗರಿಗಳು ಇಂದಿಗೂ ಬಳುಕುತ್ತವೆ. ಬೆರಳಿನ ಬೆವರು ವಸ್ತುವಿಗೆ ಒಳ್ಳೆಯದಲ್ಲ ನಿಜ. ಆದರೆ ಕಣ್ಣು ಬೀಳದಿರುವುದು ಅದಕ್ಕಿಂತ ಕೆಟ್ಟದ್ದು.

ಆದುದರಿಂದ ಎರಡನೆಯ ಪಂಥದವರ ಕಡೆಗೆ ನಮ್ಮ ಒಲವು. ಪೆಟ್ಟಿಗೆ ತೆರೆದವರ ಕೈಯಲ್ಲಿ ಈ ಹವ್ಯಾಸ ಕಸುಬಾಗಿ ಬೆಳೆಯುವುದನ್ನು ನಾವು ಕಾಣುತ್ತೇವೆ. ಹಳೆಯ ಮುಖದ ಬಣ್ಣವನ್ನು ಉಗುರುಬಣ್ಣ ತೆಗೆಯುವ ದ್ರವದಿಂದ ಒರೆಸಿ, ಜಲವರ್ಣದ ಪೆನ್ಸಿಲಿನಿಂದಲೂ ಅಕ್ರಿಲಿಕ್ ಬಣ್ಣದಿಂದಲೂ ಹೊಸ ಕಣ್ಣು ಹುಬ್ಬು ತಿದ್ದುವವರಿದ್ದಾರೆ. ಗೊಂಬೆಯ ತಲೆಯ ಒಂದೊಂದು ರಂಧ್ರಕ್ಕೂ ಸೂಜಿಯಿಂದ ಹೊಸ ಕೂದಲಿನ ಎಳೆಗಳನ್ನು ನೆಡುವವರಿದ್ದಾರೆ. ಒಂದು ತಲೆಗೆ ದಿನಗಟ್ಟಲೆ ಹಿಡಿಯುತ್ತದೆ. ಕೆದರಿದ ಕೂದಲನ್ನು ಬಿಸಿನೀರಿನಲ್ಲಿ ಅದ್ದಿ ಸುರುಳಿ ನಿಲ್ಲಿಸುವುದರಲ್ಲಿಯೂ ಜ್ಞಾನ ಬೇಕು, ಏಕೆಂದರೆ ಗೊಂಬೆಯ ಕೂದಲಿನಲ್ಲಿ ಸಾರಾನ್, ನೈಲಾನ್, ಪಾಲಿಪ್ರಾಪಿಲೀನ್ ಮುಂತಾದ ಬೇರೆ ಬೇರೆ ಜಾತಿಗಳಿದ್ದು ಎಲ್ಲವೂ ಒಂದೇ ಬಿಸಿಯನ್ನು ತಾಳಲಾರವು.

ಹೊಲಿಗೆಯ ಮಾತಂತೂ ಬಹಳ ಸ್ವಾರಸ್ಯವಾದುದು. ಬಾರ್ಬಿಯ ಅಳತೆ ಮನುಷ್ಯರ ಅಳತೆಯ ಆರನೆಯ ಒಂದು ಪಾಲು. ಹನ್ನೊಂದೂವರೆ ಅಂಗುಲವನ್ನು ಆರರಿಂದ ಗುಣಿಸಿದರೆ ಐದು ಅಡಿ ಒಂಬತ್ತು ಅಂಗುಲದ ಹೆಂಗಸು. ಅವಳಿಗೆ ಸೀರೆ ಉಡಿಸಬೇಕೆಂದುಕೊಳ್ಳಿ. ಐದೂವರೆ ಮೀಟರಿನ ಸೀರೆಯ ಆರನೆಯ ಒಂದು ಪಾಲೆಂದರೆ ಸುಮಾರು 92 ಸೆಂಟಿಮೀಟರು ಉದ್ದ, ಅಗಲ ಒಂದು ಗೇಣಿನಷ್ಟು. ಉದ್ದ ಅಗಲಗಳನ್ನು ಆರು ಪಾಲು ಕುಗ್ಗಿಸಬಹುದು, ಆದರೆ ಬಟ್ಟೆಯ ದಪ್ಪವನ್ನು ಕುಗ್ಗಿಸುವುದು ಹೇಗೆ? ನಾವು ಉಡುವ ನೂಲಿನ ಬಟ್ಟೆ ಗೊಂಬೆಗೆ ಕಂಬಳಿಯಂತೆ. ಏಳು ನೆರಿಗೆ ಹಿಡಿದರೆ ಸೊಂಟದಲ್ಲಿ ಹುಲ್ಲುಹೊರೆ ಸಿಕ್ಕಿಸಿದಂತೆ ಉಬ್ಬುತ್ತದೆ. ಸೆರಗು ಇಳಿಬೀಳದೆ ಬಿರುಸಾಗಿ ನಿಲ್ಲುತ್ತದೆ. ಬಲ್ಲವರು ತೀರ ತೆಳುವಾದ ಹಳೆಯ ರೇಷ್ಮೆಯನ್ನೋ ತೊಳೆದು ತೊಳೆದು ಸವೆದ ಮಲ್‌ ಬಟ್ಟೆಯನ್ನೋ ಆರಿಸುತ್ತಾರೆ, ನೆರಿಗೆಯ ಸಂಖ್ಯೆಯನ್ನು ಇಳಿಸುತ್ತಾರೆ, ಅಂಚಿಗೆ ಕಿರಿದಾದ ಪಟ್ಟಿಯನ್ನು ಹುಡುಕುತ್ತಾರೆ. ಮ್ಯಾಟೆಲ್ ಸಂಸ್ಥೆಯೇ 1980ರ ದಶಕದ ಆರಂಭದಲ್ಲಿ ತನ್ನ ನಾನಾ ದೇಶಗಳ ಮಾಲೆಯಲ್ಲಿ ಕೆಂಪು ಸೀರೆಯ ಭಾರತೀಯ ಬಾರ್ಬಿಯನ್ನು ತಂದಿತ್ತು. ಇಳಕಲ್ಲಿನ ಕೆಂಪು ಸೆರಗನ್ನು ಆ ಅಳತೆಗೆ ನೇಯಬಲ್ಲ ಕೈ ನಮ್ಮ ಕಡೆಯ ಯಾವುದಾದರೂ ಮಗ್ಗದ ಗುಂಡಿಯಲ್ಲಿ ಕುಳಿತಿರಬಹುದು ಎಂಬ ಆಸೆ ನಮ್ಮದು.

ಗೊಂಬೆಯ ಹೊಲಿಗೆ ಮನುಷ್ಯರ ಹೊಲಿಗೆಗೆ ದಾರಿಯಾದದ್ದಕ್ಕೆ ನಿದರ್ಶನವೂ ಇದೆ. ಜೇಸನ್ ವೂ ಎಂಬುವರು 1982ರಲ್ಲಿ ತೈವಾನಿನ ತೈಪೆಯಲ್ಲಿ ಜನಿಸಿದವರು. ಒಂಬತ್ತನೆಯ ವಯಸ್ಸಿನಲ್ಲಿ ಕೆನಡಕ್ಕೆ ಬಂದರು. ಅವರು ಹೊಲಿಗೆಯನ್ನು ಅಭ್ಯಾಸ ಮಾಡಿದ್ದು ಗೊಂಬೆಗಳ ಮೇಲೆ. ಗಂಡುಹುಡುಗ ಗೊಂಬೆ ಹಿಡಿದರೆ ನಮ್ಮಲ್ಲಿ ಮಾತ್ರವಲ್ಲ, ಅಲ್ಲಿಯೂ ನಗುವವರಿದ್ದಾರೆ. ಅವರ ತಾಯಿ ನಗಲಿಲ್ಲ; ಹೊಲಿಗೆಯ ಯಂತ್ರ ತಂದುಕೊಟ್ಟರು. ಹದಿಹರೆಯದಲ್ಲಿಯೇ ಅವರು ‘ಇಂಟಿಗ್ರಿಟಿ ಟಾಯ್ಸ್’ ಎಂಬ ಸಂಸ್ಥೆಗಾಗಿ ಗೊಂಬೆಗಳ ಉಡುಪು ರೂಪಿಸತೊಡಗಿ, ವಯಸ್ಕ ಸಂಗ್ರಾಹಕರು ಇಂದಿಗೂ ಮೆಚ್ಚುವ ‘ಫ್ಯಾಷನ್ ರಾಯಲ್ಟಿ’ ಎಂಬ ಮಾಲೆಯನ್ನು ಸೃಷ್ಟಿಸಿದರು. 2009ರ ಜನವರಿ 20ರ ರಾತ್ರಿ, ಅಮೇರಿಕದ ಅಧ್ಯಕ್ಷ ಪದಗ್ರಹಣದ ಸಮಾರಂಭದಲ್ಲಿ ಮಿಶೆಲ್ ಒಬಾಮಾ ಅವರು ತೊಟ್ಟಿದ್ದ ಬಿಳಿಯ ಉಡುಪು ಇದೇ ಜೇಸನ್ ವೂ ಅವರ ಕೃತಿ. ಅದೀಗ ರಾಜಧಾನಿಯ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ಇನ್ನೊಂದು ಚಿಕ್ಕ ವೃತ್ತಾಂತ. ‘ಬ್ಲೈತ್’ ಎಂಬ ದೊಡ್ಡ ತಲೆಯ ಗೊಂಬೆಯೊಂದನ್ನು 1972ರಲ್ಲಿ ಅಮೇರಿಕದ ಕೆನ್ನರ್ ಸಂಸ್ಥೆ ಮಾರಿತು. ತಲೆಯ ಹಿಂದಿನ ದಾರ ಎಳೆದರೆ ಕಣ್ಣಿನ ಬಣ್ಣ ಬದಲಾಗುತ್ತದೆ. ಮಕ್ಕಳು ಹೆದರಿದರೆಂದೋ ಏನೋ, ಒಂದೇ ವರ್ಷಕ್ಕೆ ನಿಂತುಹೋಯಿತು. ಕಾಲು ಶತಮಾನದ ನಂತರ ಜೀನಾ ಗ್ಯಾರನ್ ಎಂಬ ಮಹಿಳೆ ಅಂತಹ ಹಳೆಯ ಗೊಂಬೆಯನ್ನು ಹೋದಲ್ಲೆಲ್ಲ ಒಯ್ದು ಛಾಯಾಚಿತ್ರ ತೆಗೆದು 2000ದಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 2001ರಲ್ಲಿ ಜಪಾನಿನ ತಕಾರಾ ಸಂಸ್ಥೆ ಆ ಗೊಂಬೆಗೆ ಮರುಜನ್ಮವಿತ್ತಿತು. ಒಬ್ಬ ಸಂಗ್ರಾಹಕಿ ಪೆಟ್ಟಿಗೆಯಿಂದ ತೆಗೆದು ಬೆಳಕಿಗೆ ಹಿಡಿದುದರ ಫಲವಿದು.

ಹಾಗೆಂದು ಈ ಗೊಂಬೆಗಳ ಮೇಲಿನ ಆಕ್ಷೇಪಗಳನ್ನು ನಾವು ತಳ್ಳಿಹಾಕುವುದಿಲ್ಲ. ಆ ಸೊಂಟ ಯಾವ ತಾಯಿಗೂ ಇಲ್ಲ, ಇರಲೂಬಾರದು. 1963ರ ಮಗು ನೋಡಿಕೊಳ್ಳುವ ಬಾರ್ಬಿಯ ಉಡುಪಿನೊಡನೆ ತೂಕ ಇಳಿಸುವ ಬಗೆ ಎಂಬ ಒಂದು ಪುಟ್ಟ ಪುಸ್ತಕವಿತ್ತು. ಅದರ ಹಿಂಬದಿಯಲ್ಲಿದ್ದ ಉಪದೇಶ, ತಿನ್ನಬೇಡ ಎಂಬುದಷ್ಟೇ. 1965ರ ಇನ್ನೊಂದು ಉಡುಪಿನೊಡನೆ ಬಂದ ತೂಕದ ಯಂತ್ರದ ಮುಳ್ಳು 110 ಪೌಂಡಿನ ಮೇಲೆ ಶಾಶ್ವತವಾಗಿ ನಿಂತಿತ್ತು. 1992ರಲ್ಲಿ ಮಾತಾಡುವ ಬಾರ್ಬಿಯೊಂದು ಗಣಿತದ ತರಗತಿ ಕಷ್ಟವೆಂದು ನುಡಿದು, ದೊಡ್ಡ ವಿವಾದವಾಗಿ, ಸಂಸ್ಥೆ ಆ ಮಾತನ್ನು ತೆಗೆಯಬೇಕಾಯಿತು. ಬೇರೆ ಬೇರೆ ಮೈಕಟ್ಟಿನ ಬಾರ್ಬಿಗಳು ಬಂದದ್ದು 2016ರಲ್ಲಿ, ಮೊದಲ ಗೊಂಬೆ ಬಂದು ಐವತ್ತೇಳು ವರ್ಷಗಳಾದ ಮೇಲೆ. ಎಳೆಯ ಹುಡುಗಿಯ ಕೈಗೆ ಗೊಂಬೆ ಕೊಡುವ ತಾಯಿ ಇದನ್ನೆಲ್ಲ ಯೋಚಿಸಲೇಬೇಕು. ಆದರೆ ಈ ಸಂಗತಿಗಳು ನಮಗೆ ಇಂದು ತಿಳಿದಿರುವುದಾದರೂ ಹೇಗೆ? ಆ ಬೆರಳುದ್ದದ ಪುಸ್ತಕವನ್ನೂ ಆ ತೂಕದ ಯಂತ್ರವನ್ನೂ ಯಾರೋ ಎಸೆಯದೆ ಎತ್ತಿಟ್ಟಿದ್ದರಿಂದಲ್ಲವೇ? ಒಂದು ಕಾಲ ತನ್ನ ಹೆಣ್ಣುಮಕ್ಕಳಿಂದ ಏನನ್ನು ಬಯಸಿತೆಂಬುದಕ್ಕೆ ಇಷ್ಟು ನೇರವಾದ ಸಾಕ್ಷಿ ಗ್ರಂಥಾಲಯಗಳಲ್ಲಿಯೂ ಅಪರೂಪ.

ಆ ತಾಯಿಯವರಿಗೆ ನಮ್ಮ ಸಲಹೆ ಇಷ್ಟೇ. ಮುಂದಿನ ಬಾರಿ ಹೋದಾಗ ‘ಇದಕ್ಕೆಷ್ಟು ಕೊಟ್ಟೆ’ ಎಂದು ಮೊದಲು ಕೇಳಬೇಡಿ. ‘ಇದರ ಹೊಲಿಗೆ ಹೇಗಿದೆ ತೋರಿಸವ್ವಾ’ ಎಂದು ಕೇಳಿರಿ. ನೀವು ಕುಬುಸ ಹೊಲಿದ ಕೈಯವರು. ಒಳಬದಿಯ ಅಂಚನ್ನು ಹೇಗೆ ಮಡಿಸಿದ್ದಾರೆಂದು ನಿಮಗೆ ತಿಳಿದಷ್ಟು ಆಕೆಗೂ ತಿಳಿಯಲಿಕ್ಕಿಲ್ಲ. ಉತ್ತರವಾಗಿ ಆಕೆ ಪೆಟ್ಟಿಗೆ ತೆರೆದರೆ ಚಿಂತೆಗೆ ಕಾರಣವಿಲ್ಲ. ತೆರೆಯಲು ಅಂಜಿದರೆ, ತಿಂಗಳ ಸಂಬಳದ ಲೆಕ್ಕ ತಪ್ಪುವಷ್ಟು ಕೊಳ್ಳುತ್ತಿದ್ದರೆ, ಕೊಂಡದ್ದನ್ನು ಮನೆಯವರಿಂದ ಮುಚ್ಚಿಡುತ್ತಿದ್ದರೆ, ಆಗ ಮಗನೊಡನೆ ಕುಳಿತು ಮಾತಾಡುವುದು ಒಳ್ಳೆಯದು. ಆ ಮಾತು ಗೊಂಬೆಗೆ ಸಂಬಂಧಿಸಿದ್ದಾಗಿರುವುದಿಲ್ಲ; ಸೀರೆಗೂ ಬಂಗಾರಕ್ಕೂ ನಾವು ಅದೇ ಮಾತನ್ನು ಹೇಳುತ್ತೇವೆ.

ಇಂತಹ ಸಂಗ್ರಹವುಳ್ಳ ಮನೆಯವರು ಮುಂದಿನವರಿಗಾಗಿ ಒಂದು ನೋಟುಪುಸ್ತಕ ಇಡುವುದು ಅವಶ್ಯ. ಯಾವ ಗೊಂಬೆ, ಯಾವ ವರ್ಷದ್ದು, ಎಲ್ಲಿ ಕೊಂಡದ್ದು, ಯಾವ ಉಡುಪು ಯಾವುದರದು ಎಂಬುದನ್ನು ಬರೆದಿಡಬೇಕು. ಸಂಗ್ರಾಹಕರು ತೀರಿಕೊಂಡ ಮೇಲೆ ಮನೆಯವರು ಕಂಗೆಟ್ಟು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕೊಟ್ಟುಬಿಡುವುದು ಅಲ್ಲಿ ದಿನನಿತ್ಯದ ಕಥೆ. ಇನ್ನು ಕೆಲವರು ಗೊಂಬೆಯ ಬೆನ್ನ ಕೆಳಗೆ 1966 ಎಂಬ ಅಂಕಿ ಕಂಡು ನಿಧಿ ಸಿಕ್ಕಿತೆಂದು ಹಿಗ್ಗುತ್ತಾರೆ. ಅದು ಆ ಮೈಯ ಅಚ್ಚಿನ ಹಕ್ಕು ದಾಖಲಾದ ವರ್ಷ. ಅದೇ ಅಂಕಿಯನ್ನು ಹೊತ್ತ ಗೊಂಬೆಗಳು 1990ರ ದಶಕದಲ್ಲಿಯೂ ಲಕ್ಷಗಟ್ಟಲೆ ತಯಾರಾದವು. ವರ್ಷಕ್ಕಿಂತ ಮೊದಲು ದೇಶದ ಹೆಸರನ್ನು ನೋಡಬೇಕು: ಜಪಾನ್ ಎಂದಿದ್ದರೆ ಹಳೆಯದಿರಬಹುದು, ಚೀನಾ, ಮಲೇಷ್ಯಾ, ಇಂಡೋನೇಷ್ಯಾ ಎಂದಿದ್ದರೆ ಈಚಿನದು. ಪಾದದ ಅಡಿಯಲ್ಲಿ ತಾಮ್ರದ ಕೊಳವೆಯುಳ್ಳ ಎರಡು ರಂಧ್ರಗಳಿದ್ದರೆ ಮಾತ್ರ ಅದು 1959ರ ಮೊದಲ ತಂಡದ್ದು. ಕಿವಿಯೋಲೆ ಇದ್ದರೆ ಮೆಲ್ಲಗೆ ತೆಗೆದು ಬೇರೆ ಇಡಬೇಕು. ಗೊಂಬೆಯನ್ನು ಬಿಸಿಲಿಗೂ ಅಟ್ಟದ ಸೆಕೆಗೂ ಒಡ್ಡದೆ, ಆಮ್ಲವಿಲ್ಲದ ತೆಳುಕಾಗದದಲ್ಲಿ ಸುತ್ತಿ, ಮನುಷ್ಯರು ಇರಬಲ್ಲ ತಂಪಿನ ಕೋಣೆಯಲ್ಲಿಟ್ಟು, ಆರು ತಿಂಗಳಿಗೊಮ್ಮೆಯಾದರೂ ಬಿಚ್ಚಿ ನೋಡಬೇಕು. ಪೆಟ್ಟಿಗೆಯ ತಳವನ್ನು ಕೊಡವುವ ಮೊದಲು ಬೆಳಕಿಗೆ ಹಿಡಿಯಿರಿ; ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಆ ಎತ್ತರದ ಹಿಮ್ಮಡಿಯ ಪಾದರಕ್ಷೆಗಳು ಕಸದೊಡನೆ ಹೋಗಿಬಿಡುತ್ತವೆ, ಹಳೆಯ ಬಾರ್ಬಿಗೆ ಜೊತೆ ಪಾದರಕ್ಷೆ ಹುಡುಕುವವರು ಅವಕ್ಕಾಗಿ ವರ್ಷಗಟ್ಟಲೆ ಅಲೆಯುತ್ತಾರೆ.